ಭಾಲ್ಕಿಯ ನುಚ್ಚಿಗೆ ನಾನು ಹೇಳಿದ ಸಾಕ್ಷಿ

ಕೂಲಿ ಹೆಚ್ಚಿಸುವ ಕಾಯ್ದೆ ಬೇಗ ತನ್ನಿ ಎಂದು ಗಿರಣಿ ಮಾಲೀಕರೇ ಸರ್ಕಾರಕ್ಕೆ ಬರೆದುಕೊಳ್ಳುತ್ತಾರೆಂದರೆ ಯಾರು ನಂಬುತ್ತಾರೆ? ನಾನಂತೂ ನಂಬಲಿಲ್ಲ. ಆಗ ಬೀದರದ ಒಂದು ದೊಡ್ಡ ಬೇಳೆ ಗಿರಣಿಯಲ್ಲಿ ಗುಮಾಸ್ತನಾಗಿದ್ದೆ. ಪೊಲೀಸ್ ಕಾರ್ಯಾಚರಣೆ ಮುಗಿದು ಹೈದರಾಬಾದ್ ರಾಜ್ಯದಲ್ಲಿ ಹೊಸ ಸರ್ಕಾರ ಕೂತಿತ್ತು. ಕಚೇರಿಯ ಕಾಗದಗಳು ಇನ್ನೂ ಉರ್ದುವಿನಲ್ಲೇ ಓಡಾಡುತ್ತಿದ್ದವು, ಪೇಟೆಯಲ್ಲಿ ನಿಜಾಮರ ರೂಪಾಯಿಯೂ ನಡೆಯುತ್ತಿತ್ತು, ಭಾರತ ಸರ್ಕಾರದ ಕಲ್ದಾರ್ ರೂಪಾಯಿಯೂ ನಡೆಯುತ್ತಿತ್ತು. ಅಂಥ ಹೊತ್ತಿನಲ್ಲಿ ಮ್ಯಾನೇಜರ್ ಸಾಹೇಬರು ನನ್ನನ್ನು ಒಳಗೆ ಕರೆದು, ಕನಿಷ್ಠ ಕೂಲಿ ಗೊತ್ತುಮಾಡುವ ಕಮಿಟಿ ಬೀದರಕ್ಕೆ ಬರುತ್ತಿದೆ, ಕಂಪನಿಯ ಪರವಾಗಿ ಕಾಯ್ದೆ ಬೇಕೇ ಬೇಕು ಎಂದು ನೀನು ಸಾಕ್ಷಿ ಹೇಳಬೇಕು ಎಂದರು.

“ಬೇಡ ಅಂತ ಹೇಳಬೇಕೇನ್ರಿ?” ಎಂದು ಕೇಳಿದೆ. ಕಿವಿ ಕೈಕೊಟ್ಟಿತೆಂದೇ ಅಂದುಕೊಂಡಿದ್ದೆ.

“ಬೇಕು ಅಂತ ಹೇಳಬೇಕು,” ಎಂದು ನಕ್ಕರು. “ಕುಂದರು. ನಮ್ಮ ಗಿರಣ್ಯಾಗ ಸಾಣಗಿ ಹಿಡಿದು ಬ್ಯಾಳಿ ಸೋಸೋ ಹೆಣ್ಮಕ್ಕಳಿಗಿ ನಾವು ಏನು ಕೊಡ್ತೇವಿ? ಸರ್ಕಾರ ಕೊಡ್ರಿ ಅನ್ನೋದೂ ಹತ್ತಿರ ಹತ್ತಿರ ಅಷ್ಟೇ. ಕಾಯ್ದೆ ಬಂದ್ರ ನಮಗೇನು ಭಾರ? ಭಾರ ಬೀಳೋದು ಭಾಲ್ಕಿ, ಔರಾದ ಸಾವಕಾರ್ರ ಮ್ಯಾಲ. ನಾವು ಇಂಜಿನ್ ತಂದೇವಿ, ಸಾಲ ಮಾಡೇವಿ. ಅವ್ರು ಏನು ತಂದಾರ? ಮನಿ ಮನಿಗಿ ತೊಗರಿ ಹಂಚ್ತಾರ, ಹೆಣ್ಮಕ್ಕಳು ಬೀಸಿ ಕೊಡ್ತಾರ, ಕೂಲಿ ಅಂದ್ರ ನುಚ್ಚು, ಹೊಟ್ಟು ನೀವೇ ಇಟ್ಕೋರಿ ಅಂತಾರ. ಆ ಬ್ಯಾಳಿ ಹೈದರಾಬಾದ್ ಪ್ಯಾಟ್ಯಾಗ ನಮ್ಮ ಬ್ಯಾಳಿಗಿಂತ ಅಗ್ಗ. ಮತ್ತ ರುಚಿನೂ ಅದ, ಹಾಳಾಗಿ ಹೋಗ್ಲಿ.”

ಅಲ್ಲಿಗೆ ವಿಷಯ ತಿಳಿಯಿತು. ಕಾಯ್ದೆ ಬಂದರೆ ಬೀಸುವವರಿಗೆ ನಗದು ಕೊಡಬೇಕು. ನಗದು ಕೊಟ್ಟರೆ ಕೈಬೇಳೆ ತುಟ್ಟಿಯಾಗುತ್ತದೆ. ತುಟ್ಟಿಯಾದರೆ ತೊಗರಿಯೆಲ್ಲ ನಮ್ಮ ಇಂಜಿನ್ನಿಗೇ ಬರುತ್ತದೆ.

“ಅದಕ್ಕ ವಕೀಲರನ್ನ ಕಳಿಸ್ರಿ, ನಾ ಯಾಕ?” ಎಂದೆ.

“ವಕೀಲ ಹೇಳಿದ್ರ ಕಮಿಟಿ ನಗ್ತದ. ನೀ ಹೇಳಿದ್ರ ಕೇಳ್ತದ. ಕಾಳಿನ ಕೂಲಿ ಅಂದ್ರ ನಿನಗ ಸಿಟ್ಟು ಬರ್ತದ, ನಾ ನೋಡೀನಿ. ನಿನ್ನ ಮಾತು ಖರೆ ಅದ, ಅದಕ್ಕ ನಿನ್ನನ್ನ ಕಳಿಸ್ತೀನಿ.”

ಆ ಮಾತಿಗೆ ಅವತ್ತೇ ನಾಚಿಕೆಯಾಗಬೇಕಾಗಿತ್ತು. ಆಗಲಿಲ್ಲ, ಎದೆ ಉಬ್ಬಿತು. ನಮ್ಮಪ್ಪ ಔರಾದ ಕಡೆಯ ಒಬ್ಬ ಜಹಗೀರದಾರರ ಹೊಲದಲ್ಲಿ ಮೈಮುರಿದು ದುಡಿದವನು. ಕಣದ ರಾಶಿಯೆಲ್ಲ ಗಾಡಿ ಹತ್ತಿದ ಮೇಲೆ ನೆಲ ಗುಡಿಸಿ, ಮಣ್ಣು ಕಲ್ಲು ಸಮೇತ ಸಿಕ್ಕ ಕಾಳು ಅವನ ಕೂಲಿ. ದುಡಿದವನ ಅಂಗೈಗೆ ನಾಣ್ಯ ಬೀಳಬೇಕು ಎಂಬುದು ನನಗೆ ಬರಿ ವಾದವಾಗಿರಲಿಲ್ಲ. ಕಂಪನಿ ತನ್ನ ಲಾಭಕ್ಕೆ ಮಾಡಿದರೇನಾಯಿತು, ಒಳ್ಳೆಯ ಕೆಲಸ ತಾನೇ ಎಂದುಕೊಂಡೆ. ಈಗಲೂ ಅದು ಪೂರ್ತಿ ತಪ್ಪೆಂದು ಹೇಳಲಾರೆ.

ಕೆಲಸ ಎರಡಿತ್ತು. ಒಂದು, ಬೀಸುಕಲ್ಲಿನಲ್ಲಿ ಒಂದು ದಿನಕ್ಕೆ ಎಷ್ಟು ತೊಗರಿ ಒಡೆಯಬಹುದು ಎಂದು ಕಣ್ಣಾರೆ ಅಳೆದು ಬರಬೇಕು. ಅದರ ಮೇಲೆ ಮಣಕ್ಕೆ ಇಷ್ಟು ಎಂದು ದರ ಕಟ್ಟಬಹುದು. ಎರಡು, ನುಚ್ಚು ಹೊಟ್ಟಿನ ಕೂಲಿ ಮೋಸ ಎಂದು ತೋರಿಸಬೇಕು.

ಮೊದಲು ಔರಾದಕ್ಕೆ ಹೋದೆ. ಅಲ್ಲಿ ಮುಖ್ಯ ಸಾವಕಾರರು ಗಾದಿಯ ಮೇಲೆ ಕೂರಿಸಿ ಚಹಾ ಕೊಟ್ಟರು, ನಮ್ಮ ಮ್ಯಾನೇಜರರ ಆರೋಗ್ಯ ವಿಚಾರಿಸಿದರು, ಮಳೆ ಬೆಳೆ ಮಾತಾಡಿದರು. ಬೀಸುವ ಹೆಣ್ಣುಮಕ್ಕಳನ್ನು ನೋಡಬೇಕಿತ್ತು ಎಂದ ತಕ್ಷಣ, “ಬೀಸೋರಾ? ನಮ್ಮೂರಾಗ ಯಾರದಾರ? ಎಲ್ಲಾ ಬಿಟ್ಟಾರ್ರೀ,” ಎಂದರು. ಅವರ ಹಿಂದಿನ ಗೋಡೆಯ ಆಚೆಯಿಂದ ಬೀಸುಕಲ್ಲಿನ ಗರಗರ ಸದ್ದು ಮೂರು ಕಡೆಯಿಂದ ಬರುತ್ತಿತ್ತು. ಅವರೂ ಕೇಳಿದರು, ನಾನೂ ಕೇಳಿದೆ. “ಇನ್ನೊಂದ ಕಪ್ ತಗೋರಿ,” ಎಂದರು. ತಗೊಂಡು ವಾಪಸು ಬಂದೆ.

ಹಾಗಾಗಿ ಭಾಲ್ಕಿಗೆ ಹೋಗುವಾಗ ಸಾವಕಾರರ ಅಂಗಡಿಯ ಕಡೆ ತಲೆ ಹಾಕಲೇ ಇಲ್ಲ. ರೈಲಿಳಿದು, ತಕ್ಕಡಿ ಹೆಗಲಿಗೆ ಹಾಕಿಕೊಂಡು, ಸದ್ದು ಬರುವ ಓಣಿಗೇ ನೇರ ನಡೆದೆ. ಒಂದು ಮನೆಯ ಅಂಗಳದಲ್ಲಿ ಕೆಮ್ಮಣ್ಣು ಕಲಸಿ ಹಚ್ಚಿದ ತೊಗರಿ ಒಣಗುತ್ತಿತ್ತು. ಅದನ್ನು ಕೈಯಿಂದ ಹರವುತ್ತಿದ್ದ ಹೆಂಗಸು ನನ್ನನ್ನೂ ತಕ್ಕಡಿಯನ್ನೂ ನೋಡಿ, “ಯಾಕ್ರೀ, ನಮ್ಮನ್ನ ತೂಗಾಕ ಬಂದೀರೇನು?” ಎಂದಳು.

ಸಂತಪುರದಿಂದ ಮದುವೆಯಾಗಿ ಬಂದವಳು. ಗಂಡ ಕುರಿ ಹೊಡೆದುಕೊಂಡು ಊರೂರು ತಿರುಗುತ್ತಾನೆ. ಪಕ್ಕದ ಮನೆಯ ವಿಧವೆಯ ಜೊತೆ ಸೇರಿ ಇವಳು ಬೀಸುತ್ತಾಳೆ, ಹಾಗಾಗಿ ನನ್ನ ವಹಿಯಲ್ಲಿ ಇವಳು ‘ಜೋಡಿಯಾಕೆ’. ತೊಗರಿ ಬೀಸುವುದು ಒಬ್ಬರ ಕೆಲಸವಲ್ಲ. ಕಲ್ಲಿಗೆ ಇಬ್ಬರು ಎದುರು ಬದುರು ಕೂತು ಒಂದೇ ಗೂಟ ಹಿಡಿಯಬೇಕು. ಪಕ್ಕದ ಮನೆಯಾಕೆ ಮುಸಲ್ಮಾನರು, ಓಣಿಯೆಲ್ಲ ‘ಖಾಲಾ’, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿತ್ತು. ಖಾಲಾನ ಗಂಡ ಪೊಲೀಸ್ ಕಾರ್ಯಾಚರಣೆಯ ಹೊತ್ತಿನ ಗಡಬಡಿಯ ದಿನಗಳಲ್ಲಿ ಮನೆಯಿಂದ ಹೋದವನು ತಿರುಗಿ ಬರಲಿಲ್ಲ. ಆ ದಿನಗಳಲ್ಲಿ ಈ ಎರಡು ಮನೆಗಳ ನಡುವೆ ಏನೇನು ನಡೆಯಿತೋ ನನಗೆ ಯಾರೂ ಹೇಳಲಿಲ್ಲ, ನಾನು ಕೇಳಲಿಲ್ಲ.

ಖಾಲಾ ಗೋಷಾ ಪಾಲಿಸುವವರು, ಪರ ಗಂಡಸರ ಎದುರು ಬರುವವರಲ್ಲ. ಬೀಸುಕಲ್ಲು ಅವರ ನಡುಮನೆಯ ಬಾಗಿಲಲ್ಲೇ ಇತ್ತು. ನಾನು ಕೆಲಸ ನೋಡಬೇಕೆಂದಾಗ ಜೋಡಿಯಾಕೆ ಒಂದು ಹಳೆ ಚಾದರವನ್ನು ಬಾಗಿಲಿಗೆ ಇಳಿಬಿಟ್ಟಳು. ಖಾಲಾ ಚಾದರದ ಒಳಗೆ ಕೂತರು, ಇವಳು ಹೊರಗೆ ಕೂತಳು, ಕಲ್ಲು ನಡುವೆ. ಚಾದರದ ಅಂಚಿನಿಂದ ಒಂದು ಕೈ ಮಾತ್ರ ಹೊರಬಂದು ಗೂಟ ಹಿಡಿಯಿತು. ಅವತ್ತಿನಿಂದ ಕೊನೆಯವರೆಗೂ ನಾನು ಅವರನ್ನು ನೋಡಿದ್ದು ಅಷ್ಟೇ.

ಕೀಲಕ್ಕೆ ಬಟ್ಟೆ ಸುತ್ತಿ ಮೇಲಿನ ಕಲ್ಲನ್ನು ತುಸು ಎತ್ತರಿಸಿದ್ದರು. ಹಾಗೆ ಎತ್ತರಿಸಿದರೆ ಕಾಳು ಹಿಟ್ಟಾಗುವುದಿಲ್ಲ, ಎರಡು ಹೋಳಾಗಿ ಬೀಳುತ್ತದೆ. ಬೀಸಿದ್ದನ್ನು ಮೊರದಲ್ಲಿ ಕೇರಿ ಹೊಟ್ಟು ಹಾರಿಸಿ, ಸಾಣಗಿಯ ಜರಡಿಯಲ್ಲಿ ಸೋಸಿ, ಒಡೆಯದೆ ಉಳಿದ ಕಾಳನ್ನು ಮತ್ತೆ ಕಲ್ಲಿಗೆ ಹಾಕುತ್ತಾರೆ. ನಾನು ಮೊದಲು ತೊಗರಿ ತೂಗಿದೆ. ಸಂಜೆ ಬೇಳೆ ತೂಗಿದೆ, ಹೊಟ್ಟು ತೂಗಿದೆ. ಕೂಡಿಸಿ ನೋಡಿದರೆ ಲೆಕ್ಕ ಹೊಂದಲಿಲ್ಲ. ಬೇಳೆಯೂ ಹೊಟ್ಟೂ ಸೇರಿ ತೊಗರಿಗಿಂತ ಬಹಳ ಕಡಿಮೆ. ಮರುದಿನ ಮತ್ತೆ ತೂಗಿದೆ, ಅದೇ ಗತಿ. ತಲೆ ಕೆಟ್ಟುಹೋಯಿತು.

“ನುಚ್ಚು ಎಲ್ಲದ? ಅದನ್ನ ತೂಗಬೇಕು,” ಎಂದೆ.

“ನುಚ್ಚೇನು ಬೀಳಂಗಿಲ್ರಿ. ಬಿದ್ರೂ ಎಷ್ಟು? ಎಮ್ಮಿಗಿ ಹಾಕ್ತೇವಿ,” ಎಂದಳು ಜೋಡಿಯಾಕೆ. ಸುತ್ತ ನೋಡಿದೆ. ಎರಡೂ ಮನೆಯಲ್ಲಿ ಎಮ್ಮೆ ಇರಲಿಲ್ಲ. ಒಂದು ಮೇಕೆ ಇತ್ತು, ಅದೂ ಹೊಟ್ಟು ತಿನ್ನುತ್ತಿತ್ತು.

ಉತ್ತರ ಸಿಕ್ಕಿದ್ದು ಮೂರನೆಯ ದಿನ ಮಧ್ಯಾಹ್ನದ ಊಟಕ್ಕೆ. ಒಳಗಿನಿಂದ ಖಾಲಾ, “ಬಿಸಲಾಗ ಕುಂತಾರ, ಹಂಗೇ ಕಳಸಬ್ಯಾಡ, ಉಂಡು ಹೋಗ್ಲಿ,” ಎಂದರು. ಚಾದರದ ಕೆಳಗಿನಿಂದ ತಾಟು ಹೊರಬಂತು, ಜೋಡಿಯಾಕೆ ಅದನ್ನು ಅಂಗಳದ ನೆರಳಲ್ಲಿ ನನ್ನ ಮುಂದಿಟ್ಟಳು. ಅವಳ ಮುದಿ ಅತ್ತೆಯೂ ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಆ ಕಾಲಕ್ಕೆ ನಮ್ಮವರು ಮುಸಲ್ಮಾನರ ಮನೆಯ ಅಡುಗೆ ಉಣ್ಣುತ್ತಿರಲಿಲ್ಲ. ನಾನು ಉಂಡೆ. ಉಣ್ಣುತ್ತಿದ್ದೇನಲ್ಲ, ಎಂಥಾ ಸುಧಾರಕ ನಾನು ಎಂಬ ಹಮ್ಮು ಬೇರೆ!

ಜೋಳದ ರೊಟ್ಟಿ, ಬ್ಯಾಳಿ. ನಾಲಿಗೆಗೆ ತಾಗಿದ ಕ್ಷಣವೇ ತಿಳಿಯಿತು. ಬೇಳೆಯ ವ್ಯಾಪಾರದಲ್ಲಿ ಇದ್ದವನಿಗೆ ತಿಳಿಯದೆ ಇರುತ್ತದೆಯೇ? ಅದು ಬೇಳೆಯಲ್ಲ, ನುಚ್ಚು. ಹಲ್ಲಿಗೆ ಕೆಮ್ಮಣ್ಣು ಸಣ್ಣಗೆ ಕರಕ್ ಎನ್ನುತ್ತಿತ್ತು. ಬೆಳ್ಳುಳ್ಳಿಯ ಒಗ್ಗರಣೆ ಹಾಕಿ, ಹುಣಸೆ ಹಿಂಡಿ, ಯಾರೂ ಗುರುತು ಹಿಡಿಯದಂತೆ ಮಾಡಿದ್ದರು. ಎರಡು ಮನೆಯ ಮಕ್ಕಳು ಅದನ್ನೇ ಉಂಡು ಬೆಳೆಯುತ್ತಿದ್ದವು.

“ಹ್ಯಾಂಗಾಗ್ಯದರಿ?” ಎಂದರು ಒಳಗಿನಿಂದ ಖಾಲಾ.

“ಭಾಳ ಛಲೋ ಆಗ್ಯದ,” ಎಂದೆ. ಸುಳ್ಳಲ್ಲ, ನಿಜಕ್ಕೂ ರುಚಿಯಾಗಿತ್ತು.

ಉಂಡ ಋಣಕ್ಕೆಂದೋ ಏನೋ ಅವರಿಗೆ ಕಾಯ್ದೆಯ ವಿಷಯ ಬಿಡಿಸಿ ಹೇಳಿದೆ. ಇನ್ನು ಮುಂದೆ ನುಚ್ಚು ಹೊಟ್ಟು ಅಲ್ಲ, ಕೈಗೆ ರೊಕ್ಕ ಬರುತ್ತದೆ ಎಂದೆ. ಜೋಡಿಯಾಕೆಯ ಮುಖ ಅರಳಿತು. ಚಾದರದ ಅಂಚಿನ ಕೈ ಗೂಟ ಬಿಟ್ಟಿತು, ಕಲ್ಲು ನಿಂತಿತು.

“ಸಾವಕಾರ ತೊಗರಿ ಕೊಡೋದೇ ಬಿಟ್ರ?” ಎಂದು ಖಾಲಾ ಕೇಳಿದರು.

“ಹ್ಯಾಂಗ ಬಿಡ್ತಾರ? ಕಾಯ್ದೆ ಇರ್ತದ. ಬಿಟ್ರೂ ಬೀದರ ಗಿರಣ್ಯಾಗ ಕೆಲಸ ಅದ.”

“ನಾ ಹೊಸ್ತಿಲ ದಾಟಂಗಿಲ್ಲ ಸಾಹೇಬ್. ನನ್ನ ಮೈದುನ ಕಾಯ್ಕೋತ ಕುಂತಾನ. ಒಂಟಿ ಹೆಂಗಸು, ನಮ್ಮ ಮನಿಗಿ ಬಂದು ಒಂದು ಮೂಲ್ಯಾಗ ಇರ್ಲಿ, ಈ ಮನಿ ನಮಗ ಬಿಡ್ಲಿ ಅಂತ. ಕಲ್ಲು ತಿರಗೋತನಕ ಯಾರ ಬಾಗಿಲಿಗೂ ಹೋಗಂಗಿಲ್ಲ ಅಂತ ಹೇಳೀನಿ. ಕಲ್ಲು ನಿಂತ್ರ ನಂದೇನೂ ನಡಿಯಂಗಿಲ್ಲ. ಎರಡು ಹೆಣ್ಣು ಮಕ್ಕಳ ಕರಕೊಂಡು ಅವನ ಮನ್ಯಾಗ ಬೀಳಬೇಕು.”

“ಹಂಗೇನೂ ಆಗಂಗಿಲ್ರಿ,” ಎಂದು ಹೇಳಿ ತಕ್ಕಡಿ ಎತ್ತಿಕೊಂಡೆ.

ಬೀದರಕ್ಕೆ ಬಂದು ವರದಿ ಬರೆಯಲು ಕೂತರೆ ಆ ಪ್ರಶ್ನೆಯೇ ಅಡ್ಡ ಬರುತ್ತಿತ್ತು. ದರ ಕಟ್ಟಿ ನೋಡಿದೆ. ಇಬ್ಬರಿಗೂ ನಗದು ಕೂಲಿ ಕೊಟ್ಟು, ನುಚ್ಚು ಹೊಟ್ಟನ್ನು ಲೆಕ್ಕಕ್ಕೇ ಹಿಡಿಯದಿದ್ದರೆ ಯಾವ ಸಾವಕಾರನಿಗೂ ಗಿಟ್ಟುವುದಿಲ್ಲ. ನಾಳೆಯೇ ತೊಗರಿ ಹಂಚುವುದು ನಿಲ್ಲಿಸುತ್ತಾನೆ. ಕಾಯ್ದೆಯ ಪ್ರತಿಯನ್ನು ತಿರುವಿ ಹಾಕಿದೆ. ಅದರಲ್ಲಿ ಒಂದು ಕಡೆ, ಎಲ್ಲಿ ವಸ್ತುವಿನ ರೂಪದಲ್ಲಿ ಕೂಲಿ ಕೊಡುವ ರೂಢಿ ಇದೆಯೋ ಅಲ್ಲಿ ಸರ್ಕಾರ ಬೆಲೆ ಕಟ್ಟಿ ಅದನ್ನು ಕೂಲಿಯಲ್ಲಿ ಸೇರಿಸಲು ಒಪ್ಪಬಹುದು ಎಂಬ ಅರ್ಥದ ಮಾತಿತ್ತು. ಸಿಕ್ಕಿತು! ನುಚ್ಚಿಗೆ ಬೆಲೆ ಕಟ್ಟಲಿ, ಉಳಿದದ್ದನ್ನು ರೊಕ್ಕದಲ್ಲಿ ಕೊಡಲಿ. ಸಾವಕಾರ ನುಚ್ಚಷ್ಟನ್ನೇ ಕೊಟ್ಟು ಮೋಸ ಮಾಡುವುದೂ ತಪ್ಪುತ್ತದೆ, ಕಲ್ಲೂ ನಿಲ್ಲುವುದಿಲ್ಲ. ನುಚ್ಚನ್ನು ಅವರು ಉಣ್ಣುತ್ತಾರೆ, ಅದು ಕಸವಲ್ಲ, ಕೂಲಿ ಎಂದು ಕಮಿಟಿಗೆ ಮನವರಿಕೆ ಆಗಬೇಕು ಅಷ್ಟೇ.

ಓಡಿಹೋಗಿ ಮ್ಯಾನೇಜರ್ ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಮಗ ಆ ಮಾತು ಬೇಕಾಗಿಲ್ಲ. ರೊಕ್ಕ ಅಂದ್ರ ರೊಕ್ಕ. ನುಚ್ಚಿನ ವಿಷಯ ಸಾವಕಾರ್ರು ಎತ್ತಲಿ, ನೀ ಬಾಯಿ ಬಿಡಬ್ಯಾಡ.”

“ಆ ಹೆಣ್ಮಕ್ಕಳ ಕೆಲಸ ಹೋಗ್ತದರಿ.”

“ನಮ್ಮ ಗಿರಣಿಗಿ ಬರ್ಲಿ. ಬ್ಯಾಡ ಅಂದೋರು ಯಾರು?”

ಹೊರಗೆ ಬಂದು ಗಿರಣಿಯ ಕಟ್ಟೆಯ ಮೇಲೆ ಕೂತೆ. ಒಳಗೆ ಇಂಜಿನ್ ಹೊಡೆದುಕೊಳ್ಳುತ್ತಿತ್ತು. ನೌಕರಿ ಹೋದರೆ ಹೋಗಲಿ, ಕಮಿಟಿಯ ಮುಂದೆ ಇದ್ದದ್ದನ್ನು ಇದ್ದಹಾಗೆ ಹೇಳಿಬಿಡುತ್ತೇನೆ ಎಂದು ನಿರ್ಧಾರ ಮಾಡಿದೆ. ದೊಡ್ಡ ತ್ಯಾಗ ಮಾಡುವವನ ಹಾಗೆ ಮನಸ್ಸು ಹಗುರವಾಯಿತು. ಭಾಲ್ಕಿಗೆ ಹೋಗಿ ಆ ಇಬ್ಬರನ್ನು ಒಂದು ಮಾತು ಕೇಳಿ ಬರೋಣ, ನಿಮ್ಮ ಮನೆಯ ವಿಷಯ ನಾಲ್ಕು ಜನರ ಮುಂದೆ ಎತ್ತಲೇ ಎಂದು ಕೇಳೋಣ ಎಂಬುದು ಮಾತ್ರ ಹೊಳೆಯಲೇ ಇಲ್ಲ.

ವಿಚಾರಣೆ ನಡೆದದ್ದು ಬೀದರದ ಒಂದು ಹಳೆಯ ಕಚೇರಿಯ ಹಜಾರದಲ್ಲಿ. ಕಮಿಟಿಯ ಅಧ್ಯಕ್ಷರು ವಯಸ್ಸಾದವರು, ಶಾಂತ ಮನುಷ್ಯ, ಉರ್ದುವಿನಲ್ಲಿ ಕೇಳಿ ಕನ್ನಡದಲ್ಲಿ ತಿಳಿದುಕೊಳ್ಳುತ್ತಿದ್ದರು. ಒಂದು ಕಡೆ ನಮ್ಮ ಮ್ಯಾನೇಜರ್ ಸಾಹೇಬರು, ಇನ್ನೊಂದು ಕಡೆ ಭಾಲ್ಕಿ, ಔರಾದ ಸಾವಕಾರರು, ಅವರ ಮುನೀಮರು, ಅವರ ವಕೀಲರು. ಹಿಂದೆ ನೋಡಲು ಬಂದ ಊರ ಗಂಡಸರು ತುಂಬಿದ್ದರು. ಸಾವಕಾರರೂ ಕಾಯ್ದೆ ಓದಿಕೊಂಡೇ ಬಂದಿದ್ದರು. ನುಚ್ಚೇ ಕೂಲಿ ಎಂದು ಹೇಳಿಸಲು ಒಬ್ಬ ಬೀಸುವವಳನ್ನು ಕರೆತಂದಿದ್ದರು. ನೋಡಿದರೆ ನಮ್ಮ ಜೋಡಿಯಾಕೆ! ತಲೆಯ ಮೇಲೆ ಸೆರಗು ಎಳೆದುಕೊಂಡು, ಕಂಬಕ್ಕೆ ಅಂಟಿಕೊಂಡು ನಿಂತಿದ್ದಳು. ನನ್ನನ್ನು ನೋಡಿ ತುಸು ಧೈರ್ಯ ಬಂದವಳಂತೆ ಕಂಡಳು.

ವಕೀಲರು ಗಟ್ಟಿಯಾಗಿ ಕೇಳಿದರು: “ಹೇಳವ್ವ, ಬೀಸಿದ್ದಕ್ಕ ಕೂಲಿ ಏನು ತಗೋತಿ?”

“ನಾವು ಕೂಲಿ ಮಾಡೋರಲ್ರಿ,” ಎಂದಳು. “ಮನ್ಯಾಗ ಕುಂತು ಕೈ ಆಡಸ್ತೇವಿ, ಅಷ್ಟೇ.”

ಹಿಂದೆ ಯಾರೋ ಕಿಸಕ್ಕೆಂದರು. ವಕೀಲರ ಮುಖ ಕೆಂಪಾಯಿತು. “ನುಚ್ಚು ಬರ್ತದಲ್ಲ? ಅದನ್ನ ಉಣ್ತೀರಲ್ಲ?”

ಇಡೀ ಹಜಾರ ಅವಳ ಕಡೆ ತಿರುಗಿತು. ನುಚ್ಚು ಉಣ್ಣುತ್ತೇವೆ ಎಂದು ಊರ ಗಂಡಸರ ಮುಂದೆ ಯಾವ ಹೆಣ್ಣುಮಗಳು ಹೇಳುತ್ತಾಳೆ? ಗಂಡ ದುಡಿದು ಹಾಕುವುದಿಲ್ಲ ಎಂದು ಸಾರಿದ ಹಾಗೆ. ಅವಳು ಸೆರಗನ್ನು ಇನ್ನೂ ಮುಂದಕ್ಕೆ ಎಳೆದುಕೊಂಡಳು. “ಇಲ್ರಿ. ದನಕ್ಕ ಹಾಕ್ತೇವಿ.”

ಅಧ್ಯಕ್ಷರು ಬರೆದುಕೊಂಡರು. ನಮ್ಮ ಮ್ಯಾನೇಜರ್ ಸಾಹೇಬರು ಕಣ್ಣು ಮುಚ್ಚಿ ಹಿತವಾಗಿ ಕೂತರು. ಮುಂದಿನ ಹೆಸರು ನನ್ನದು.

ಬೀಸುಕಲ್ಲು, ಸಾಣಗಿ, ದಿನದ ಕೆಲಸ, ಎಲ್ಲ ಹೇಳಿದೆ. ಕಾಯ್ದೆ ಬೇಕು ಎಂದೂ ಹೇಳಿದೆ. ಅಪ್ಪನ ಕಣದ ಕಾಳಿನ ಮಾತು ಬಂದಾಗ ಅಧ್ಯಕ್ಷರು ತಲೆದೂಗಿದರು. ಆಮೇಲೆ, “ಈಕೆ ನುಚ್ಚು ದನಕ್ಕೆ ಅಂತಾರೆ. ನೀವು ಕಣ್ಣಾರೆ ನೋಡಿದವರು. ಅದಕ್ಕೆ ಏನಾದರೂ ಬೆಲೆ ಇದೆಯೇ?” ಎಂದು ಕೇಳಿದರು.

ಹೇಳಿಬಿಟ್ಟೆ. “ದನಕ್ಕಲ್ಲ ಸಾಹೇಬ್. ಅದನ್ನೇ ಅವರು ಉಣ್ಣುವುದು. ಈಕೆಯೂ, ಈಕೆಯ ಜೋಡಿ ಬೀಸುವ ಖಾಲಾನೂ, ಮಕ್ಕಳೂ. ಅವರ ಮನೆಯಲ್ಲಿ ದನವೇ ಇಲ್ಲ. ಖಾಲಾನ ಮನೆಯಲ್ಲಿ ನಾನೇ ಆ ನುಚ್ಚು ಉಂಡಿದ್ದೇನೆ.”

ಹಿಂದಿನಿಂದ ಒಂದು ನಗೆ ಬಂತು. ಯಾವ ಖಾಲಾ, ಗಂಡಿಲ್ಲದ ಮನೆಯೇ, ಒಳಗೆ ಕೂತು ಉಂಡನೇ ಎಂದು ಪಿಸುಮಾತು ಶುರುವಾಯಿತು. ಆಗ ನನಗೆ ಹೊಳೆಯಿತು, ನಾನು ಏನು ಹೇಳಿದೆ ಎಂದು. ಅಂಗಳ, ನೆರಳು, ಗೋಡೆಗೆ ಒರಗಿದ ಮುದುಕಿ, ಇಳಿಬಿಟ್ಟ ಚಾದರ, ಯಾವುದನ್ನೂ ಹೇಳಿರಲಿಲ್ಲ. ಗೋಷಾದ ವಿಧವೆಯ ಮನೆಯಲ್ಲಿ ಪರವೂರಿನ ಗಂಡಸು ಊಟ ಮಾಡಿ ಬಂದ ಎಂಬುದಷ್ಟೇ ಆ ಹಜಾರಕ್ಕೆ ಕೇಳಿಸಿತ್ತು.

“ಅಂದರೆ ಅಂಗಳದಲ್ಲಿ, ಇವರ ಅತ್ತೆಯೂ...” ಎಂದು ತೊದಲತೊಡಗಿದೆ.

“ಸುಳ್ಳು!”

ಜೋಡಿಯಾಕೆ ಕಂಬ ಬಿಟ್ಟು ಮುಂದೆ ಬಂದಿದ್ದಳು. ಸೆರಗು ಹೆಗಲಿಗೆ ಜಾರಿತ್ತು, ಅದರ ಖಬರೇ ಅವಳಿಗಿರಲಿಲ್ಲ. “ಸುಳ್ಳು ಹೇಳ್ತಾರ್ರೀ ಇವ್ರು. ಖಾಲಾನ ಮನ್ಯಾಗ ಇವ್ರು ಕಾಲ ಇಟ್ಟಿಲ್ಲ. ಒಂದ ತುತ್ತು ಉಂಡಿಲ್ಲ. ನಾವು ನುಚ್ಚು ಉಣ್ಣೋರೂ ಅಲ್ಲ. ಬರಕೋರಿ ಸಾಹೇಬ್ರ, ನುಚ್ಚು ದನಕ್ಕ. ದೇವರಾಣಿ, ದನಕ್ಕ!”

ಅಧ್ಯಕ್ಷರು ನನ್ನ ಕಡೆ ನೋಡಿದರು. ಅವಳು ನನ್ನನ್ನು ನೋಡಲಿಲ್ಲ. ನಾನು ಹಟ ಹಿಡಿದರೆ ಖಾಲಾನ ಮಾನ ಇನ್ನೂ ಹೋಗುತ್ತಿತ್ತು, ಸುಮ್ಮನಾದರೆ ಅವರ ಕಲ್ಲು ಹೋಗುತ್ತಿತ್ತು. ನಾನು ತಲೆ ತಗ್ಗಿಸಿ, “ಮರೆತು ಬೇರೆ ಊರಿನ ಮಾತು ಹೇಳಿದೆ, ಮಾಫ್ ಮಾಡಬೇಕು,” ಎಂದೆ. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಅಧ್ಯಕ್ಷರು ಬೇಸರದಿಂದ ಕೈ ಆಡಿಸಿ, ನುಚ್ಚು ದನದ ಮೇವು, ಬೆಲೆ ಇಲ್ಲ ಎಂದೇ ಬರೆಸಿದರು.

ಹೊರಗೆ ಬೇವಿನ ಮರದ ಕೆಳಗೆ ನಿಂತು ನೌಕರಿ ಹೋಯಿತೆಂದು ಕಾಯುತ್ತಿದ್ದೆ. ಮ್ಯಾನೇಜರ್ ಸಾಹೇಬರು ಬಂದವರೇ ಬೆನ್ನ ಮೇಲೆ ಫಟ್ಟನೆ ಹೊಡೆದರು.

“ಶಹಬ್ಬಾಸ್! ಏನು ದಿಮಾಗ್ ಓಡಿಸಿದಿ ಮಾರಾಯಾ! ನೀ ಹಂಗ ಕೆಣಕದಿದ್ರ ಆಕಿ ದೇವರಾಣಿ ಹಾಕ್ತಿದ್ಲಾ? ಇನ್ನ ಸಾವಕಾರ್ರು ನುಚ್ಚಿನ ಮಾತು ಎತ್ತಂಗಿಲ್ಲ.”

“ನಾ ಅದಕ್ಕ ಹೇಳಲಿಲ್ರಿ,” ಎಂದೆ.

“ಗೊತ್ತದ, ಗೊತ್ತದ,” ಎಂದು ಕಣ್ಣು ಹೊಡೆದು ನಡೆದರು. ಮುಂದಿನ ತಿಂಗಳು ನನ್ನನ್ನು ಹಿರಿಯ ಗುಮಾಸ್ತನನ್ನಾಗಿ ಮಾಡಿದರು. ಬೇಡ ಎನ್ನಲಿಲ್ಲ ನಾನು. ಬೇಡ ಎನ್ನುವ ಧೈರ್ಯವನ್ನೆಲ್ಲ ಆ ಹಜಾರದಲ್ಲೇ ಖರ್ಚು ಮಾಡಿ, ಅದರಿಂದಾದ ಹಾಳು ನೋಡಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ನೆಪ ಹುಡುಕುವುದರಲ್ಲಿ ನಾನು ಯಾವತ್ತೂ ಜಾಣ.

ದರ ಜಾರಿಗೆ ಬಂತು. ನಮ್ಮ ಗಿರಣಿಯ ಸಾಣಗಿ ಹೆಂಗಸರಿಗೆ ಒಳ್ಳೆಯದೇ ಆಯಿತು. ಮಾತೆತ್ತಿದರೆ ಅರ್ಧ ದಿನದ ಕೂಲಿ ಮುರಿಯುತ್ತಿದ್ದ ಮೇಸ್ತ್ರಿ ತಣ್ಣಗಾದ. ಒಬ್ಬಳು ಮೊದಲ ಸಲ ಪೂರ್ತಿ ಕೂಲಿ ಎಣಿಸಿಕೊಂಡು, ಸೆರಗಿನ ತುದಿಗೆ ಗಂಟು ಹಾಕಿ, ಆ ಗಂಟನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೇನೆ. ಆ ಕಾಯ್ದೆಯನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ಭಾಲ್ಕಿಯ ಕಡೆಯಿಂದ ಮಾತ್ರ ಗಾಡಿಗಟ್ಟಲೆ ತೊಗರಿ ನೇರವಾಗಿ ನಮ್ಮ ಗಿರಣಿಗೆ ಬರತೊಡಗಿತು. ಒಂದೊಂದು ಗಾಡಿ ಒಳಗೆ ಬಂದಾಗಲೂ ಅದನ್ನು ವಹಿಯಲ್ಲಿ ಬರೆದುಕೊಳ್ಳುವವನು ನಾನೇ.

ಕಡೆಗೆ ತಡೆಯಲಾಗದೆ ಭಾಲ್ಕಿಗೆ ಹೋದೆ. ಓಣಿಯಲ್ಲಿ ಸದ್ದಿರಲಿಲ್ಲ. ಅಂಗಳದಲ್ಲಿ ತೊಗರಿ ಇರಲಿಲ್ಲ. ಖಾಲಾನ ಮನೆಯ ಮುಂದೆ ಒಂದು ಎತ್ತಿನ ಗಾಡಿ ನಿಂತಿತ್ತು, ಅದರಲ್ಲಿ ಒಂದು ಪೆಟ್ಟಿಗೆ, ಎರಡು ಹಾಸಿಗೆಯ ಸುರುಳಿ, ಪಾತ್ರೆಯ ಗಂಟು. ಜೋಡಿಯಾಕೆ ಬಾಗಿಲಲ್ಲಿ ಕೂತಿದ್ದವಳು ನನ್ನನ್ನು ಕಂಡು ಎದ್ದಳು.

“ಅಲ್ಲೇ ನಿಂದರ್ರಿ.”

ನಿಂತೆ. “ಎಲ್ಲಿಗಿ ಹೊಂಟಾರ?”

“ಎಲ್ಲಿಗಿ ಹೋಗ್ತಾರ? ಮೈದುನನ ಮನಿಗಿ. ಅವನಿಗಿ ಬೇಕಾದ ಮಾತು ನೀವೇ ಕೊಟ್ಟೀರಿ. ಒಂಟಿ ಇದ್ರ ಮಂದಿ ಬಂದು ಉಂಡು ಹೋಗ್ತಾರ, ಇನ್ನ ಇಲ್ಲಿ ಬ್ಯಾಡ ಅಂದ. ಕಲ್ಲು ಇದ್ದಿದ್ರ ಎದುರು ಮಾತಾಡ್ತಿದ್ದಳು. ಈಗ ಏನಂತ ಮಾತಾಡ್ತಾಳ?”

“ನಿಮಗ ಒಳ್ಳೇದಾಗ್ಲಿ ಅಂತ ಹೇಳಿದೆ ಅಕ್ಕಾ,” ಎಂದೆ.

“ಅದೇ ನೋಡ್ರಿ,” ಎಂದಳು. ಅವಳ ಕಣ್ಣು ತುಂಬಿತ್ತು. “ಕೆಟ್ಟದ್ದು ಬಯಸಿದ್ರ ಬಾಯಿ ತುಂಬ ಬಯ್ತಿದ್ದೆ.”

ಒಳಗಿನಿಂದ ಖಾಲಾನ ದನಿ ಬಂತು. “ಯಾರು, ಗಿರಣಿ ಸಾಹೇಬ್ರಾ?”

“ಹೌದ್ರಿ ಖಾಲಾ. ನನ್ನಿಂದ ಭಾಳ ತಪ್ಪಾತು.”

ಗಾಡಿಯ ಎತ್ತು ಕೊರಳು ಕೊಡವಿತು.

“ಕುಂದರ್ರಿ ಅನ್ನಾಕ ಈಗ ಬರಂಗಿಲ್ಲ, ಬ್ಯಾಸರ ಮಾಡ್ಕೋಬ್ಯಾಡ್ರಿ,” ಎಂದರು. “ಒಂದ ಮಾತು ಕೇಳ್ತೀನಿ. ಅವತ್ತು ನಾ ನಿಮಗ ನುಚ್ಚು ಅಂತ ಬಡಿಸಿದ್ನಾ?”

“ಇಲ್ರಿ.”

“ಬ್ಯಾಳಿ ಅಂತ ಬಡಿಸಿದ್ದೆ.”

“ನಾ ಬ್ಯಾಳಿನೇ ಉಂಡೆ ಖಾಲಾ,” ಎಂದೆ.

“ಈ ಮಾತು ಅಲ್ಲಿ ಹೇಳಬೇಕಿತ್ತು ಸಾಹೇಬ್,” 
ಎಂದರು ಖಾಲಾ.